ಗಹುಕು-ಗಾಮ ಜಾಲ ಸಮತೋಲನ ಪರೀಕ್ಷೆಯಲ್ಲಿ ಫೇಲ್ ಆಗುವುದು ಯಾಕೆ

ಗಹುಕು-ಗಾಮ ಅಂದರೆ ನ್ಯೂಗಿನಿಯ 16 ಬುಡಕಟ್ಟುಗಳ ಜಾಲ: ಮಿತ್ರರ ನಡುವೆ ಪ್ಲಸ್ ಗೆರೆ, ವೈರಿಗಳ ನಡುವೆ ಮೈನಸ್ ಗೆರೆ. ‘ಮಿತ್ರನ ಮಿತ್ರ ಮಿತ್ರ’, ‘ವೈರಿಯ ವೈರಿ ಮಿತ್ರ’ ಅನ್ನುವಂಥ ನಿಯಮಗಳನ್ನು ಜಾಲ ಪಾಲಿಸುತ್ತದೆಯಾ ಅಂತ ನೋಡುವುದೇ ಸಮತೋಲನ ಪರೀಕ್ಷೆ. ಅದನ್ನು ಲಾಜಿಕ್ ಸೂತ್ರವಾಗಿ ಬರೆದು ಓಡಿಸಿದರೆ ಈ ಜಾಲ ಫೇಲ್ ಆಗುತ್ತದೆ, ಯಾಕೆ ಅಂತ ನೀವು ಕೇಳಿದ್ದೀರಿ. ಅದಕ್ಕೆ ಬಹುಶಃ ‘ವೈರಿಯ ವೈರಿ ಮಿತ್ರ’ ಅನ್ನುವ ನಿಯಮವೇ ಕಾರಣ, ಡೇಟಾ ಅಲ್ಲ. ಅಲ್ಲಿ ವೈರಿಯ ವೈರಿಯೂ ವೈರಿಯಾಗಿರಬಹುದು.

ಮೊದಲು ಮೂರೂ ಗೆರೆ ಮೈನಸ್ ಇರುವ ತ್ರಿಕೋನಗಳನ್ನು ಎಣಿಸಿ. ಸಿಕ್ಕರೆ ಆ ನಿಯಮ ತೆಗೆದು 1967ರ ಡೇವಿಸ್ ನಿಯಮ ಹಾಕಿ: ಯಾವ ಸುತ್ತಿನಲ್ಲೂ (ಗೆರೆಗಳ ಮೇಲೆ ನಡೆದು ಹೊರಟಲ್ಲಿಗೇ ಮರಳುವ ದಾರಿ) ಒಂದೇ ಒಂದು ಮೈನಸ್ ಇರಬಾರದು, ಎರಡು ಅಥವಾ ಹೆಚ್ಚು ಇದ್ದರೆ ಪರವಾಗಿಲ್ಲ. ಬರೀ ತ್ರಿಕೋನ ನೋಡಿದರೆ ಸಾಲದು, ಇಲ್ಲಿ ಎಲ್ಲ ಜೋಡಿಗೂ ಸಂಬಂಧ ಇಲ್ಲ ಅಲ್ವಾ? ‘ಎಷ್ಟು ಉದ್ದದ ಸುತ್ತಾದರೂ’ ಅನ್ನುವುದು ಫಸ್ಟ್ ಆರ್ಡರ್ ಲಾಜಿಕ್‌ನ (‘ಎಲ್ಲ’, ‘ಕೆಲವು’ ಅಂತ ಬಿಡಿ ಬುಡಕಟ್ಟುಗಳ ಬಗ್ಗೆ ಮಾತ್ರ ಹೇಳಬಲ್ಲ ತರ್ಕ ಭಾಷೆ) ಒಂದೇ ಸೂತ್ರದಲ್ಲಿ ಹಿಡಿಯುವುದಿಲ್ಲ, ಆದರೆ ಬುಡಕಟ್ಟುಗಳೇ 16 ಆದ್ದರಿಂದ ನಿಮಗೆ 16 ಗೆರೆಗಳ ಸುತ್ತಿನವರೆಗೆ ಬರೆದರೆ ಸಾಕು.

ಇನ್ನೂ ಸುಲಭ ಬೇಕಾದರೆ, ಪ್ಲಸ್ ಗೆರೆಗಳ ಮೇಲೆ ನಡೆದು ತಲುಪಬಹುದಾದವರನ್ನೆಲ್ಲ ಒಂದು ಗುಂಪು ಮಾಡಿ, ಗುಂಪಿನೊಳಗೆ ಮೈನಸ್ ಇದೆಯಾ ನೋಡಿ. ಇದ್ದರೆ ಎರಡು ಕಡೆಗೂ ಮಿತ್ರನಾಗಿರುವ ಬುಡಕಟ್ಟನ್ನು ಹುಡುಕಿ, ಅದನ್ನು ಪಕ್ಕಕ್ಕಿಟ್ಟು ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸಿ.