ನಾಲೆಯಲ್ಲಿ ಈಜಿದವನಿಗೆ ಸ್ಕೂಬಾ ತರಬೇತಿ

ಓದುಗರ ಪತ್ರ (ಸಂಗ್ರಹ): ವಿ.ಸಿ. ನಾಲೆಯಲ್ಲಿ ಈಜಿ ಬೆಳೆದ ನನ್ನ ತಮ್ಮ ಮುರುಡೇಶ್ವರದಲ್ಲಿ ಸ್ಕೂಬಾ ಡೈವಿಂಗ್ ಕಲಿಯಬೇಕೆಂದಿದ್ದಾನೆ. ಹೊಸಬರಿಗಾಗಿರುವ ಓಪನ್ ವಾಟರ್ ಕೋರ್ಸಿಗೆ ಒಂದು ಕಡೆ ಎರಡು ದಿನಕ್ಕೆ 16,000 ರೂಪಾಯಿ, ಇನ್ನೊಂದು ಕಡೆ ನಾಲ್ಕು ದಿನಕ್ಕೆ 28,000 ರೂಪಾಯಿ ಹೇಳುತ್ತಾರೆ. ಕೊನೆಗೆ ಸಿಗುವ ಪಾಡಿ (ಅಂತರರಾಷ್ಟ್ರೀಯ ಡೈವಿಂಗ್ ತರಬೇತಿ ಸಂಸ್ಥೆ) ಕಾರ್ಡು ಒಂದೇ ಆಗಿರುವಾಗ, ಈಜು ಬಲ್ಲವನು ಹೆಚ್ಚು ಹಣ ಏಕೆ ಕೊಡಬೇಕು? – ಓದುಗರು, ಮಂಡ್ಯ

ಸಂಪಾದಕರ ಉತ್ತರ:

ಮಾನ್ಯರೇ, ನಾನೂ ನಾಲೆಯಲ್ಲೇ ಈಜು ಕಲಿತವನಾದ್ದರಿಂದ ನಿಮ್ಮ ಪ್ರಶ್ನೆಯ ಹಿಂದಿನ ನಂಬಿಕೆ ನನಗೆ ಚೆನ್ನಾಗಿ ಗೊತ್ತು. ಆದರೆ ನಾಲೆ ನಮಗೆ ಕಲಿಸುವ ಮೊದಲ ಪಾಠವೇ ಮುಳುಗಿದಾಗ ಉಸಿರು ಬಿಗಿಹಿಡಿಯುವುದು, ಸ್ಕೂಬಾದಲ್ಲಿ ಎಂದಿಗೂ ಮಾಡಬಾರದ ಕೆಲಸವೂ ಅದೇ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಿರುತ್ತದೆ. ಅಲ್ಲಿ ಸಿಲಿಂಡರಿನಿಂದ ಎದೆ ತುಂಬ ಎಳೆದುಕೊಂಡ ಗಾಳಿಯನ್ನು ಹೊರಬಿಡದೆ ಗಾಬರಿಯಿಂದ ಮೇಲೆ ನುಗ್ಗಿದರೆ ಆ ಗಾಳಿ ಇಮ್ಮಡಿಯಾಗಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಒಂದೆರಡು ಮೀಟರ್ ಆಳದಿಂದ ಮೇಲೆ ಬರುವಾಗಲೂ ಇಂಥ ಅಪಾಯವುಂಟು. ಬಾಲ್ಯದಿಂದ ಮೈಗೂಡಿದ ಅಭ್ಯಾಸವನ್ನು ಬಿಡಿಸಲು ಸಮಯ ಬೇಕು, ನೀವು ಹೆಚ್ಚಾಗಿ ಕೊಡುವ ಹಣದ ಬಹುಪಾಲು ಆ ಸಮಯಕ್ಕೇ ಸಲ್ಲಬೇಕು.

ಪಾಡಿ ಸಂಸ್ಥೆಯ ನಿಯಮದಂತೆ ಈ ಕೋರ್ಸಿನಲ್ಲಿ ಈಜುಕೊಳದಲ್ಲಿ ಅಥವಾ ಅದರಂತಹ ಶಾಂತ ನೀರಿನಲ್ಲಿ ಐದು ಹಂತದ ಅಭ್ಯಾಸವೂ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್‌ಗಳೂ ಇರಬೇಕು, ಒಂದೇ ದಿನ ಮೂರಕ್ಕಿಂತ ಹೆಚ್ಚು ತರಬೇತಿ ಡೈವ್ ಮಾಡಿಸುವಂತಿಲ್ಲ. ಅಂದರೆ ಸಮುದ್ರದ ಪಾಲಿಗೇ ಎರಡು ದಿನ ಬೇಕಾಯಿತು. ಪಾಠದ ಭಾಗವನ್ನು ಮನೆಯಲ್ಲೇ ಆನ್‌ಲೈನ್ ಮುಗಿಸಿಕೊಂಡು ಹೋದರೆ ದಿನಗಳು ಕಡಿಮೆಯಾಗುವುದು ನ್ಯಾಯವೇ. ಆದರೆ ಮಾಸ್ಕಿಗೆ ನುಗ್ಗಿದ ನೀರನ್ನು ಕೆಳಗಿದ್ದುಕೊಂಡೇ ಹೊರಹಾಕುವುದನ್ನು, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಜಾರಿದಾಗ ಅದನ್ನು ತಡಕಿ ಹಿಡಿಯುವುದನ್ನು ಯಾವಾಗ, ಎಷ್ಟು ಸಲ ಮಾಡಿಸುತ್ತೀರಿ ಎಂದು ಎರಡು ದಿನದವರನ್ನು ಕೇಳಲೇಬೇಕು. ಒಮ್ಮೆ ಮಾಡಿ ತೋರಿಸಿದ್ದು ಕಲಿತದ್ದಲ್ಲ. ಗಾಬರಿಯಿಲ್ಲದೆ ಮತ್ತೆ ಮತ್ತೆ ಮಾಡಲು ಬರಬೇಕು.

ಹಾಗೆಂದು 28,000 ಕೇಳುವವರೇ ಉತ್ತಮರೆಂದು ನಾನು ಹೇಳಲಾರೆ. ಡೈವಿಂಗ್ ನಡೆಯುವ ನೇತ್ರಾಣಿ ದ್ವೀಪಕ್ಕೆ ಹೋಗಿಬರುವ ದೋಣಿ, ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್, ಉಪಕರಣಗಳ ದುರಸ್ತಿ, ಇವುಗಳ ಖರ್ಚು ಎಲ್ಲರಿಗೂ ಇದ್ದದ್ದೇ. ವಸತಿ, ಊಟ, ವಿಡಿಯೊ ಸೇರಿಸಿ ದರ ಏರಿಸಿದ್ದರೆ ಅದರಿಂದ ಕಲಿಕೆಗೆ ಲಾಭವಿಲ್ಲ. ಸಮುದ್ರದಲ್ಲಿ ಒಬ್ಬ ತರಬೇತುದಾರರ ಜೊತೆ ಎಷ್ಟು ಜನ ಕಲಿಯುವವರು ಇಳಿಯುತ್ತಾರೆಂದು ವಿಚಾರಿಸಿ. ನಿಯಮ ಎಂಟರವರೆಗೆ ಬಿಡುತ್ತದಾದರೂ, ನೀರು ಕಲಕಿ ಮಬ್ಬಾದ ದಿನ ಎಂಟು ಜನರ ಮೇಲೆ ಒಬ್ಬರು ಕಣ್ಣಿಡುವುದು ಕಷ್ಟ, ನಾನಾದರೆ ನಾಲ್ಕಕ್ಕಿಂತ ಹೆಚ್ಚಿರುವಲ್ಲಿ ಕಳಿಸಲಾರೆ. ನಿಗದಿತ ದಿನಗಳಲ್ಲಿ ಕಲಿಕೆ ಕೈಗೂಡದಿದ್ದರೆ ಮುಂದೇನು, ಹೆಚ್ಚುವರಿ ಡೈವ್‌ಗೆ ಎಷ್ಟು ಹಣ ಎಂಬುದನ್ನೂ ಕೇಳಿ. "ಎಲ್ಲರೂ ಪಾಸಾಗುತ್ತಾರೆ, ಚಿಂತೆ ಬೇಡ" ಎಂಬ ಉತ್ತರ ಬಂದರೆ ನನಗಂತೂ ಚಿಂತೆಯಾಗುತ್ತದೆ.

ಇಷ್ಟು ದೀರ್ಘವಾಗಿ ಬರೆಯಲು, ಮೇಲಿನ ಸಂಗ್ರಹದಲ್ಲಿ ಬಾರದ ನಿಮ್ಮ ಪತ್ರದ ಕೊನೆಯ ಸಾಲು ಕಾರಣ. ತಮ್ಮನಿಗೆ ಚಿಕ್ಕಂದಿನಲ್ಲಿ ಆಸ್ತಮಾ ಇತ್ತೆಂದೂ, ಕಡಿಮೆ ದರದವರು ಆರೋಗ್ಯದ ಫಾರಂನಲ್ಲಿ "ಎಲ್ಲಕ್ಕೂ ಇಲ್ಲ ಎಂದು ಟಿಕ್ ಮಾಡಿದರಾಯಿತು" ಎಂದರೆಂದೂ ತಿಳಿಸಿದ್ದೀರಿ. ಆ ಮಾತು ಕೇಳಿದ ಮೇಲೆ ಅಲ್ಲಿ ಉಚಿತವಾಗಿ ಕಲಿಸಿದರೂ ಕಳಿಸಬೇಡಿ. ಆಸ್ತಮಾದಿಂದ ಕುಗ್ಗಿದ ಶ್ವಾಸನಾಳದ ಹಿಂದೆ ಸಿಕ್ಕಿಕೊಂಡ ಗಾಳಿ, ಉಸಿರು ಹಿಡಿಯದವನಲ್ಲೂ ನಾನು ಮೇಲೆ ಹೇಳಿದ ಅಪಾಯವನ್ನೇ ತರಬಲ್ಲದು. ಮೊದಲು ಮೈಸೂರಿನಲ್ಲೋ ಮಂಡ್ಯದಲ್ಲೋ ಶ್ವಾಸಕೋಶ ತಜ್ಞರಿಗೆ ತೋರಿಸಿ, ಡೈವಿಂಗ್‌ಗೆಂದು ಸ್ಪಷ್ಟವಾಗಿ ಹೇಳಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅವರು ಒಪ್ಪಿದರೆ, ಮಳೆಗಾಲ ಮುಗಿದು ದೋಣಿಗಳು ಹೊರಡುವುದರೊಳಗೆ ಅವನು ಮೈಸೂರಿನ ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ನಿಲ್ಲದೆ 200 ಮೀಟರ್ ಈಜುವುದನ್ನೂ ಹತ್ತು ನಿಮಿಷ ತೇಲುವುದನ್ನೂ ರೂಢಿಸಿಕೊಳ್ಳಲಿ. ಕೋರ್ಸಿನ ಈಜು ಪರೀಕ್ಷೆಯಲ್ಲಿ ಕೇಳುವುದು ಅದನ್ನೇ.