ಸಿಡಿ4 ಬರೀ 42 ಇದೆ, ತಮ್ಮ ಉಳಿಯುತ್ತಾನಾ?

ಪ್ರಶ್ನೆ: ತಮ್ಮನಿಗೆ 38 ವರ್ಷ, ಮಾವಿನ ಮಂಡಿಯಲ್ಲಿ ಕೆಲಸ. ಮೂರು ವಾರದಿಂದ ಒಣಕೆಮ್ಮು, ಜ್ವರ, ಏದುಸಿರು. ಅಡ್ಮಿಟ್ ಮಾಡಿದ ಮೇಲೆ ಎಚ್‌ಐವಿ ಇರುವುದು ಗೊತ್ತಾಯಿತು. ಸಿಡಿ4 42 ಅಂತೆ, ಪಿಸಿಪಿ ನ್ಯುಮೋನಿಯಾ ಅಂತೆ. ಉಳಿಯುತ್ತಾನಾ ಡಾಕ್ಟ್ರೇ?
– ಹೆಸರು ಬೇಡ, ಶ್ರೀನಿವಾಸಪುರ

ಉತ್ತರ: ನೀವು ಸಿಡಿ4, ಅಂದರೆ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳ ಲೆಕ್ಕ, ಹಿಡಿದುಕೊಂಡು ಕೂತಿದ್ದೀರಿ. ನಾನು ಮೊದಲು ಕೇಳುವುದು ಆಕ್ಸಿಜನ್ ಎಷ್ಟಿದೆ ಅಂತ. ಈ ನ್ಯುಮೋನಿಯಾ ಸಾಮಾನ್ಯವಾಗಿ ಬರುವುದೇ ಸಿಡಿ4 200ಕ್ಕಿಂತ ಕೆಳಗೆ ಇಳಿದಾಗ. ಕಾಯಿಲೆ ಯಾಕೆ ಬಂತು ಅನ್ನುವುದಕ್ಕೆ ಆ 42 ಉತ್ತರ. ಈ ವಾರ ಹೇಗೆ ಕಳೆಯುತ್ತದೆ ಅನ್ನುವುದನ್ನು ಶ್ವಾಸಕೋಶ ಹೇಳಬೇಕು.

ಈ ಪಿಸಿಪಿ ನ್ಯುಮೋಸಿಸ್ಟಿಸ್ ಅನ್ನುವ ಫಂಗಸ್‌ನಿಂದ ಬರುವಂಥದ್ದು, ಮೋಸದ ಕಾಯಿಲೆ. ಮಂಚದ ಮೇಲೆ ಕೂತಾಗ ಬೆರಳಿನ ಮಿಷನ್ 95 ತೋರಿಸುತ್ತದೆ, ಕಾಫಿನೂ ಕುಡಿಯುತ್ತಿರುತ್ತಾರೆ. ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆಸಿದರೆ 86! ಎಕ್ಸ್‌ರೇ ಕೂಡ ಶುರುವಿನಲ್ಲಿ ಚೆನ್ನಾಗೇ ಕಾಣಬಹುದು. ಅದಕ್ಕೇ ಮಣಿಕಟ್ಟಿನಿಂದ ರಕ್ತ ತೆಗೆದು ಎಬಿಜಿ, ಅಂದರೆ ರಕ್ತದಲ್ಲಿ ಆಕ್ಸಿಜನ್ ಒತ್ತಡ ಅಳೆಯುವ ಪರೀಕ್ಷೆ, ಮಾಡುತ್ತಾರೆ. ಆ ಒತ್ತಡ (ಬೆರಳಿನ ಮಿಷನ್ ಲೆಕ್ಕವೇ ಬೇರೆ) 70ಕ್ಕಿಂತ ಕಡಿಮೆ ಬಂದರೆ ಸ್ಟೀರಾಯ್ಡ್ ಸೇರಿಸುತ್ತಾರೆ. ಹೆಸರು ಕೇಳಿ ಗಾಬರಿ ಬೀಳಬೇಡಿ. ಮೊದಲ 72 ಗಂಟೆಯೊಳಗೆ ಶುರು ಮಾಡಿದರೆ ಜೀವ ಉಳಿಸುವುದು ಅದೇ. ಮುಖ್ಯ ಔಷಧಿ ಕೋಟ್ರೈಮಾಕ್ಸಜೋಲ್, ದೊಡ್ಡ ಡೋಸ್‌ನಲ್ಲಿ 21 ದಿನ. ಮೊದಲ ಮೂರು ನಾಲ್ಕು ದಿನ ಉಸಿರಾಟ ಇನ್ನೂ ಕೆಡಬಹುದು. ಆಗ 'ಔಷಧಿ ಹತ್ತುತ್ತಿಲ್ಲ' ಅಂತ ಡಿಸ್ಚಾರ್ಜ್ ಮಾಡಿಸಿಕೊಂಡು ಓಡಬೇಡಿ.

ಬೇಗ ಚಿಕಿತ್ಸೆ ಸಿಕ್ಕಿದ ಹೆಚ್ಚಿನವರು ಉಳಿಯುತ್ತಾರೆ. ವೆಂಟಿಲೇಟರ್ ತನಕ ಹೋದರೆ, ಇಲ್ಲಾ ಶ್ವಾಸಕೋಶ ತೂತಾಗಿ ಎದೆಯೊಳಗೆ ಗಾಳಿ ತುಂಬಿದರೆ, ಈ ಮಾತನ್ನು ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ರಕ್ತದಲ್ಲಿ ಎಲ್‌ಡಿಎಚ್ ಅನ್ನುವ ಕಿಣ್ವ ತುಂಬಾ ಏರಿದ್ದರೆ, ಅಲ್ಬುಮಿನ್ ಅನ್ನುವ ಪ್ರೋಟೀನ್ ಇಳಿದಿದ್ದರೆ ಕೂಡ ಚಿಂತೆಯೇ. ಕಫ ಬಂದರೆ ಟಿಬಿಗೂ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಎರಡೂ ಒಟ್ಟಿಗೇ ಇರಬಹುದು.

ಈ ಗಂಡಾಂತರ ದಾಟಿದ ಮೇಲಿನ ಆಯಸ್ಸು ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯ ಕೈಯಲ್ಲಿದೆ. ನ್ಯುಮೋನಿಯಾ ಚಿಕಿತ್ಸೆ ಶುರುವಾದ ಎರಡು ವಾರದೊಳಗೆ ಸಾಮಾನ್ಯವಾಗಿ ಇದನ್ನು ಶುರು ಮಾಡುತ್ತಾರೆ. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಪೂರ್ತಿ ಉಚಿತ. ಕೋಲಾರದಲ್ಲಿ ಯಾರಾದರೂ ನೋಡಿಬಿಡುತ್ತಾರೆ ಅಂತ ಬೆಂಗಳೂರಿಗೆ ಹೋಗುವವರಿದ್ದಾರೆ. ಹೋಗಲಿ, ತಪ್ಪೇನಿಲ್ಲ. ಆದರೆ ಸುಗ್ಗಿ ಬಂತು, ಬಸ್ ಹತ್ತೋಕೆ ಪುರುಸೊತ್ತಿಲ್ಲ ಅಂತ ಮಾತ್ರೆ ಬಿಡುತ್ತಾರಲ್ಲ, ಕಾಯಿಲೆ ಮತ್ತೆ ಬರುವುದು ಅಲ್ಲೇ. ವಿಷಯ ಗುಟ್ಟಾಗಿಡಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಏನಾದರೂ ಕೇಳಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

21 ದಿನ ಮುಗಿದ ಮೇಲೂ ಸಿಡಿ4 ಏರುವ ತನಕ ಅದೇ ಕೋಟ್ರೈಮಾಕ್ಸಜೋಲ್ ಕಡಿಮೆ ಡೋಸ್‌ನಲ್ಲಿ ದಿನಾ ಬೇಕು. ಮೈಮೇಲೆ ದದ್ದು ಎದ್ದರೆ ಸುಮ್ನೆ ನೀವಾಗೇ ನಿಲ್ಲಿಸಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.