ಕಣ್ಣಿಗೆ ಕಾಣದ ಹೊಳಪಿಗೆ ಇಷ್ಟು ಪರದಾಟ ಯಾಕೆ?

ಶಿರಸಿಯ ನಿವೃತ್ತ ಜೀವಶಾಸ್ತ್ರ ಮೇಷ್ಟ್ರೊಬ್ಬರ ಪತ್ರ: "ಹೊಳೆಯುವ ಪ್ರೋಟೀನ್‌ಗಳ ಲೇಖನ ಓದಿದೆ. ಜೆಲ್ಲಿ ಮೀನಿನ ಹಸಿರು ಪ್ರೋಟೀನ್‌ಗೆ 2008ರಲ್ಲೇ ನೊಬೆಲ್ ಬಂದಿದೆ. ಹಾಗಿರುವಾಗ ಅದಕ್ಕಿಂತ ಎಷ್ಟೋ ಮಂದವಾದ, ಅದೂ ಕಣ್ಣಿಗೆ ಸರಿಯಾಗಿ ಕಾಣದ ಇನ್‌ಫ್ರಾರೆಡ್ ಪ್ರೋಟೀನ್‌ಗಳನ್ನು ತಿದ್ದುತ್ತಾ ಕೂರುವುದು ಯಾಕೆ? ಇದರಿಂದ ಮನುಷ್ಯರ ಮೈಯೊಳಗಿನ ಗಡ್ಡೆ ಕಾಣುತ್ತದೆಯೇ?"

ಮೇಷ್ಟ್ರೇ, ಮಂದ ಅನ್ನುವ ನಿಮ್ಮ ಮಾತು ಸರಿ. ಲ್ಯಾಬ್‌ಗಳಲ್ಲಿ ದಿನಾ ಬಳಸುವ ಹಸಿರು ಪ್ರೋಟೀನ್ ಇಜಿಎಫ್‌ಪಿ, ತಾನು ಹೀರಿದ 100 ಫೋಟಾನ್‌ಗಳಲ್ಲಿ, ಅಂದರೆ ಬೆಳಕಿನ ಕಣಗಳಲ್ಲಿ, ಸುಮಾರು 60ನ್ನು ಬೆಳಕಾಗಿ ವಾಪಸ್ ಕೊಡುತ್ತದೆ. ಹೆಸರುವಾಸಿ ಇನ್‌ಫ್ರಾರೆಡ್ ಪ್ರೋಟೀನ್ ಐಆರ್‌ಎಫ್‌ಪಿ ಕೊಡುವುದು ಬರೀ 6.

ಆದರೆ ಆ ಲೆಕ್ಕ ಟೆಸ್ಟ್ ಟ್ಯೂಬಿನದ್ದು. ರಾತ್ರಿ ಮೊಬೈಲ್ ಟಾರ್ಚ್ ಹಚ್ಚಿ, ಅದರ ಮೇಲೆ ಬೆರಳಿಟ್ಟು ನೋಡಿ. ಒಳಗೆ ಹೋಗುವುದು ಬಿಳಿ ಬೆಳಕು, ಹೊರಗೆ ಬರುವುದು ಕೆಂಪು ಮಾತ್ರ. ನೀಲಿ, ಹಸಿರನ್ನು ರಕ್ತದ ಹಿಮೋಗ್ಲೋಬಿನ್ ನುಂಗಿಬಿಡುತ್ತದೆ. ಇಜಿಎಫ್‌ಪಿಗೆ ಬೇಕಾದದ್ದು ನೀಲಿ ಬೆಳಕು, ಅದು ಬೀರುವುದು ಹಸಿರು. ಹಾಗಾಗಿ ಇಲಿಯ ಲಿವರ್‌ನಲ್ಲಿ ಅದು ಎಷ್ಟೇ ಹೊಳೆದರೂ ಹೊರಗಿನ ಕ್ಯಾಮೆರಾಗೆ ಹೆಚ್ಚೇನೂ ಸಿಗುವುದಿಲ್ಲ. ಕಡು ಕೆಂಪು ಮತ್ತು ಅದರಾಚೆಯ, ಸುಮಾರು 650ರಿಂದ 900 ನ್ಯಾನೋಮೀಟರ್ ತರಂಗಾಂತರದ ಬೆಳಕು ಮಾತ್ರ ಮೈಯನ್ನು ಜಾಸ್ತಿ ದಾಟುತ್ತದೆ. ಇನ್‌ಫ್ರಾರೆಡ್ ಪ್ರೋಟೀನ್‌ಗಳು ಹೀರುವುದೂ ಬೀರುವುದೂ ಹೆಚ್ಚುಕಮ್ಮಿ ಇದೇ ಬೆಳಕನ್ನು. ನಮ್ಮ ಕಣ್ಣಿಗೆ ಕಾಣದಿದ್ದರೇನು, ಕ್ಯಾಮೆರಾಗೆ ಕಂಡರೆ ಸಾಕಲ್ವಾ?

2009ರಲ್ಲಿ ಸ್ಯಾನ್ ಡಿಯೇಗೋದ ರೋಜರ್ ಚಿಯೆನ್ ತಂಡ ಐಎಫ್‌ಪಿ 1.4 ಎಂಬ ಪ್ರೋಟೀನ್ ಮಾಡಿತು. ನೊಬೆಲ್ ಪಡೆದ ಮೂವರಲ್ಲಿ ಇವರೂ ಒಬ್ಬರು. ಮೂಲ ಸಿಕ್ಕಿದ್ದು ವಿಕಿರಣಕ್ಕೂ ಜಗ್ಗದ ಡೈನೋಕಾಕಸ್ ರೇಡಿಯೋಡ್ಯುರನ್ಸ್ ಬ್ಯಾಕ್ಟೀರಿಯಾದಲ್ಲಿ. ಅಲ್ಲಿ ಈ ಪ್ರೋಟೀನಿನ ಕೆಲಸ ಹೊಳೆಯುವುದಲ್ಲ, ಬೆಳಕನ್ನು ಗುರುತಿಸುವುದು. ಬೆಳಕು ಬಿದ್ದರೆ ಅದರ ಆಕಾರ ಬದಲಾಗುತ್ತದೆ. ಆ ಬದಲಾವಣೆಗೆ ಬೇಕಾದ ತುಂಡನ್ನು ಕತ್ತರಿಸಿ, ಉಳಿದ ಭಾಗವನ್ನು ತಿದ್ದಿದರು. ಹೀರಿದ ಶಕ್ತಿಯಲ್ಲಿ ಒಂದಿಷ್ಟು ಬೆಳಕಾಗಿ ಹೊರಬರತೊಡಗಿತು.

ಇಲ್ಲೊಂದು ತೊಡಕಿತ್ತು. ಜೆಲ್ಲಿ ಮೀನಿನ ಪ್ರೋಟೀನ್ ತನ್ನ ಬಣ್ಣವನ್ನು ತಾನೇ ಮಾಡಿಕೊಳ್ಳುತ್ತದೆ. ಇದಕ್ಕೆ ಬಿಲಿವರ್ಡಿನ್ ಎಂಬ ಬಣ್ಣದ ಅಣು ಹೊರಗಿನಿಂದ ಸಿಗಬೇಕು. ನೀವು ಅದನ್ನು ನೋಡಿಯೇ ಇರುತ್ತೀರಿ. ಪೆಟ್ಟು ಬಿದ್ದು ಕಂದಿದ ಚರ್ಮ ನಾಲ್ಕಾರು ದಿನಕ್ಕೆ ಹಸಿರಾಗುತ್ತದಲ್ಲ, ಅದೇ ಬಿಲಿವರ್ಡಿನ್. ಹಿಮೋಗ್ಲೋಬಿನ್ನಿನ ಹೀಮ್ ಎಂಬ ಭಾಗ ಒಡೆದಾಗ ಹುಟ್ಟುವಂಥದ್ದು. ಆಮೇಲೆ ಕಾಣುವ ಹಳದಿ ಬಿಲಿರುಬಿನ್, ಕಾಮಾಲೆಯಲ್ಲಿ ಕಣ್ಣಿಗೆ ಬರುವ ಬಣ್ಣ. ನಮ್ಮ ಜೀವಕೋಶಗಳಲ್ಲಿ ಒಂದು ಕಿಣ್ವ ಹಸಿರನ್ನು ಬೇಗಬೇಗ ಹಳದಿ ಮಾಡುತ್ತಿರುತ್ತದೆ. ಹಾಗಾಗಿ ಬಿಲಿವರ್ಡಿನ್‌ಗೆ ಸದಾ ಬರ. ಇಲಿಯಲ್ಲಿ ಐಎಫ್‌ಪಿ 1.4 ಚೆನ್ನಾಗಿ ಕಾಣಬೇಕಾದರೆ ಬಿಲಿವರ್ಡಿನ್ ಚುಚ್ಚಿ ಕೊಡಬೇಕಾಯಿತು.

2011ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ವ್ಲಾದಿಸ್ಲಾವ್ ವೆರ್ಖುಶಾ ತಂಡ ಇನ್ನೊಂದು ಬ್ಯಾಕ್ಟೀರಿಯಾದಿಂದ ಐಆರ್‌ಎಫ್‌ಪಿ ತಂದಿತು. ತಮಾಷೆ ನೋಡಿ, ಐಎಫ್‌ಪಿ 1.4 ನೂರಕ್ಕೆ 7 ಫೋಟಾನ್ ವಾಪಸ್ ಕೊಟ್ಟರೆ ಇದು ಕೊಡುವುದು 6. ಆದರೂ ಜೀವಕೋಶದಲ್ಲಿ ಇದೇ ಜಾಸ್ತಿ ಹೊಳೆಯಿತು. ಇರುವ ಚೂರುಪಾರು ಬಿಲಿವರ್ಡಿನ್ನನ್ನೇ ಇದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೇಗ ಕೆಡುವುದೂ ಇಲ್ಲ. ನನ್ನ ಪ್ರಕಾರ ಈ ಕ್ಷೇತ್ರದ ಅಸಲಿ ತಿರುವು ಇದೇ. ಹೊಸ ಪ್ರೋಟೀನಿನ ಸುದ್ದಿ ಬಂದಾಗ ಟೆಸ್ಟ್ ಟ್ಯೂಬಿನ ಅಂಕಿ ಬಿಟ್ಟು, ಕೋಶದೊಳಗೆ ಎಷ್ಟು ಕಂಡಿತು ಅಂತ ಮೊದಲು ನೋಡಬೇಕು. ಬಿಲಿವರ್ಡಿನ್ನನ್ನು ಹಳದಿ ಮಾಡುವ ಆ ಕಿಣ್ವವನ್ನೇ ಇಲ್ಲವಾಗಿಸಿದ ಕೋಶಗಳಲ್ಲಿ ಈ ಪ್ರೋಟೀನ್‌ಗಳ ಹೊಳಪು ಏರಿರುವುದು, ಹೊಳಪನ್ನು ತಡೆಯುವುದು ಬಿಲಿವರ್ಡಿನ್ನಿನ ಬರ ಅನ್ನುವುದಕ್ಕೆ ಪುರಾವೆ.

ಪ್ರೋಟೀನ್ ಆರಿಸುವ ಪದ್ಧತಿಗೂ ಇದು ಸಂಬಂಧಿಸಿದ್ದು. ಸಾಮಾನ್ಯವಾಗಿ ಜೀನ್‌ನಲ್ಲಿ ಅಲ್ಲಲ್ಲಿ ತಪ್ಪು ಬೀಳಿಸಿ, ಆ ಸಾವಿರಾರು ನಮೂನೆಗಳನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಹೆಚ್ಚು ಹೊಳೆಯುವುದನ್ನು ಹೆಕ್ಕುತ್ತಾರೆ. ಬಿಲಿವರ್ಡಿನ್ ತಯಾರಿಸುವ ಜೀನನ್ನೂ ಜೊತೆಗೆ ಹಾಕಿರುತ್ತಾರೆ. ಅಲ್ಲಿ ಬಣ್ಣಕ್ಕೆ ಬರವೇ ಇಲ್ಲ. ಅಲ್ಲಿ ಗೆದ್ದದ್ದು ನಮ್ಮ ಕೋಶದಲ್ಲಿ ಸೋಲಬಹುದು. ಅದಕ್ಕೇ ಈಚೆಗೆ ಕೆಲವರು ಮನುಷ್ಯರ ಕಿಡ್ನಿ ಮೂಲದ ಎಚ್‌ಇಕೆ ಕೋಶಗಳಲ್ಲೇ ನೇರವಾಗಿ ಆರಿಸುತ್ತಿದ್ದಾರೆ. ಕೆಲಸ ನಿಧಾನ, ಆದರೆ ಸರಿಯಾದ ದಾರಿ.

ಇನ್ನೊಂದು ತೊಂದರೆ ಜೋಡಿಯದ್ದು. ಐಆರ್‌ಎಫ್‌ಪಿ ಅಣುಗಳು ಎರಡೆರಡು ಅಂಟಿಕೊಂಡೇ ಇರುತ್ತವೆ. ಕೋಶದ ಬೇರೊಂದು ಪ್ರೋಟೀನ್ ಎಲ್ಲಿದೆ ಅಂತ ನೋಡಲು ಅದರ ಬಾಲಕ್ಕೆ ಇದನ್ನು ಕಟ್ಟಿದರೆ ಮೂರು ಕಾಲಿನ ಓಟದ ಗತಿ, ಎರಡೂ ಸರಿಯಾಗಿ ಓಡಲಾರವು. 2016ರಲ್ಲಿ ವೆರ್ಖುಶಾ ತಂಡದವರೇ ಎಂಐಆರ್‌ಎಫ್‌ಪಿ ಎಂಬ ಒಂಟಿ ಅಣುಗಳನ್ನು ಮಾಡಿದರು. 2019ರ ಎಂಐಆರ್‌ಎಫ್‌ಪಿ670ನ್ಯಾನೋ ಇನ್ನೂ ಪುಟ್ಟದು, ಅಣುವಿನ ತೂಕ ಅಳೆಯುವ ಮಾನದಲ್ಲಿ 17 ಕಿಲೋಡಾಲ್ಟನ್. ಇಜಿಎಫ್‌ಪಿ 27.

ಮನುಷ್ಯರ ಗಡ್ಡೆಯ ವಿಷಯ. ಸದ್ಯಕ್ಕೆ ಆ ಆಸೆ ಬೇಡ. ಈ ಪ್ರೋಟೀನ್ ಹೊಳೆಯಬೇಕಾದರೆ ಅದರ ಜೀನನ್ನು ಕೋಶದೊಳಗೆ ಸೇರಿಸಬೇಕು. ಇಲಿಗೆ, ಲ್ಯಾಬಿನ ಕೋಶಕ್ಕೆ ಅದು ಸರಿ. ಬರೀ ನೋಡುವುದಕ್ಕೋಸ್ಕರ ರೋಗಿಯ ಜೀನ್ ಮುಟ್ಟಲು ಯಾವ ಡಾಕ್ಟರೂ ಒಪ್ಪಲಾರರು. ಆಪರೇಷನ್ ಥಿಯೇಟರ್‌ಗಳಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾದಡಿ ಹೊಳೆಯುವುದು ಇಂಡೋಸಯನೈನ್ ಗ್ರೀನ್ ಎಂಬ ಬಣ್ಣ. ಅದನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ, ಲಿವರ್ ಅದನ್ನು ಪಿತ್ತದ ಮೂಲಕ ಹೊರಹಾಕುತ್ತದೆ. ಜೀನಿನ ಗೊಡವೆ ಅಲ್ಲಿಲ್ಲ.

— ಸಂಪಾದಕ